ಐದಡಿ ಮೂರಿಂಚು

ನನ್ನ ಎತ್ತರ ಐದಡಿ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಪ್ಪತ್ತೆಂಟು ವರ್ಷ ಕೇಳಿದವರಿಗೆಲ್ಲ ಐದಡಿ ಮೂರಿಂಚು ಎಂದು ಹೇಳಿಕೊಂಡು ಬಂದವಳು ನಾನು. ಆ ಮೂರಿಂಚನ್ನು ನಾನಾಗಿ ಸೇರಿಸಿಕೊಂಡದ್ದಲ್ಲ. ಅದನ್ನು ಕೊಟ್ಟವರು ನನ್ನ ಅಪ್ಪ.

ಚೇಳೂರಿನಲ್ಲಿ ನಮ್ಮದು ತೆಂಗು, ರಾಗಿ ಬೆಳೆಯುವ ಮನೆ. ನನಗೆ ಗಂಡು ಹುಡುಕುವಾಗ ಅಪ್ಪ ಗುಬ್ಬಿಗೆ ಹೋಗಿ ಟೈಪಿಂಗ್ ಅಂಗಡಿಯಲ್ಲಿ ಕೂತು ನನ್ನ ವಿವರಗಳ ಹಾಳೆಯೊಂದನ್ನು ಮಾಡಿಸಿದರು. ನಕ್ಷತ್ರ, ಓದು, ಮೈಬಣ್ಣ, ಎತ್ತರ. ಆಗ ಮಾತು ಬಂದಿದ್ದ ಗಂಡು ಐದಡಿ ಒಂಬತ್ತಿಂಚು ಇದ್ದಾನೆ, ಹುಡುಗಿ ಐದು ಮೂರಕ್ಕಿಂತ ಕಡಿಮೆ ಇರಬಾರದು ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ಅಪ್ಪ ಐದು ಮೂರು ಅಂತಲೇ ಟೈಪ್ ಮಾಡಿಸಿದರು. ಫೋಟೋ ತೆಗೆಸುವಾಗ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ, ಮಣೆ ಕಾಣದ ಹಾಗೆ ಸೀರೆಯ ಅಂಚನ್ನು ಇಳಿಬಿಟ್ಟರು. ನೋಡಲು ಬಂದ ದಿನ ಕಾಫಿ ಕೊಟ್ಟ ಕೂಡಲೇ ಅಮ್ಮ ನನ್ನನ್ನು ಚಾಪೆಯ ಮೇಲೆ ಕೂರಿಸಿದವಳು, ಅವರು ಬಸ್ಸು ಹತ್ತುವ ತನಕ ಏಳಲು ಬಿಡಲಿಲ್ಲ. ಧಾರೆಯ ದಿನ ಗಂಡಿನ ತಲೆಯ ಮೇಲೆ ಜೀರಿಗೆ ಬೆಲ್ಲ ಇಡಲು ನನ್ನ ಕೈ ಎಟುಕಲಿಲ್ಲ. ಹುಡುಗಿಗೆ ನಾಚಿಕೆ ಅಂತ ಛತ್ರವೆಲ್ಲ ನಕ್ಕಿತು. ನಾಚಿಕೆಯೂ ಇಲ್ಲ ಎಂಥದೂ ಇಲ್ಲ, ನಮ್ಮಿಬ್ಬರ ನಡುವೆ ಒಂಬತ್ತು ಇಂಚಿನ ವ್ಯತ್ಯಾಸವಿತ್ತು ಅಷ್ಟೇ. ಸೋದರಮಾವ ಹಿಂದಿನಿಂದ ಎತ್ತಿ ಹಿಡಿದ ಮೇಲೆ ಆ ಶಾಸ್ತ್ರ ಮುಗಿಯಿತು.

ನನ್ನ ಗಂಡ ಸರ್ವೇಯರ್ ಆಗಿದ್ದರು. ಅವರ ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಕಡೆ, ಕೆಲಸವೂ ಹೆಚ್ಚಾಗಿ ಅದೇ ತಾಲ್ಲೂಕಿನಲ್ಲಿ. ನಾವು ಮನೆ ಮಾಡಿದ್ದು ತುಮಕೂರಿನ ಬಟವಾಡಿಯಲ್ಲಿ, ಬಾಡಿಗೆಗೆ. ದಿನಾ ಬಸ್ಸಿನಲ್ಲಿ ಹೋಗಿ, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು, ಹೊಲದ ಗಡಿಯನ್ನು ಇಂಚಿಂಚು ಅಳೆದು ಬರುತ್ತಿದ್ದ ಮನುಷ್ಯ ಮನೆಯಲ್ಲಿ ಹೆಂಡತಿಯ ಎತ್ತರವನ್ನು ಒಂದು ಸಲವೂ ಅಳೆಯಲಿಲ್ಲ. ಕಾಗದದಲ್ಲಿ ಇದೆಯಲ್ಲ, ಮುಗಿಯಿತು. ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಿಗಳನ್ನು ಮಾತ್ರ ನಾನು ಕೇಳುವ ಮೊದಲೇ ಇಳಿಸಿಕೊಡುತ್ತಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವರಿದ್ದಾಗ ಕೇಳಲು ನನಗೆ ಧೈರ್ಯವಾಗಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಮದುವೆಯಾದ ಆರನೇ ವರ್ಷ ಅತ್ತೆ ಊರಿನಿಂದ ಬಂದು ನನ್ನನ್ನು ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಬಿಎಂಐ ಎನ್ನುವ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಅಲ್ಲಿ. ತೂಕದ ಮಿಷನ್ ಹತ್ತಿಸಿ ಅರವತ್ತೊಂಬತ್ತು ಎಂದು ಬರೆದುಕೊಂಡ ಹುಡುಗಿ ನನ್ನ ಎತ್ತರ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು.

"ಐದು ಮೂರು ಬರ್ಕೊಳವ್ವ. ಮದ್ವೆ ಟೈಮಲ್ಲೇ ಬರ್ದು ಕೊಟ್ಟವ್ರೆ ಅವರಪ್ಪ."

ಬಿಎಂಐ ಲೆಕ್ಕ ಕಷ್ಟದ್ದೇನಲ್ಲ. ಕಿಲೋ ತೂಕವನ್ನು ಮೀಟರಿನ ಎತ್ತರದಿಂದ ಭಾಗಿಸಬೇಕು, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಂದು ಸಲ ಭಾಗಿಸಬೇಕು. ಆದ್ದರಿಂದ ಎತ್ತರದಲ್ಲಿ ಸುಳ್ಳಿದ್ದರೆ ಅದು ಎರಡು ಸಲ ಒಳಗೆ ಸೇರಿಕೊಳ್ಳುತ್ತದೆ. ಅಪ್ಪನ ಹಾಳೆಯ ಪ್ರಕಾರ ನಾನು ಇಪ್ಪತ್ತೇಳು. ಸ್ವಲ್ಪ ತೂಕ ಇಳಿಸಿ, ಇಪ್ಪತ್ತೈದರ ಒಳಗೆ ಬನ್ನಿ, ಗಾಬರಿಯೇನಿಲ್ಲ ಎಂದರು ಡಾಕ್ಟರು. ನಿಜವಾದ ಲೆಕ್ಕದಲ್ಲಿ ನಾನು ಮೂವತ್ತರ ಹತ್ತಿರವಿದ್ದೆ. ಆ ಅಂಕಿ ಎದುರಿಗಿದ್ದರೆ ಡಾಕ್ಟರು ಬೇರೇನಾದರೂ ಹೇಳುತ್ತಿದ್ದರೋ ಏನೋ. ಹೇಳಿದ್ದರೂ ಏನೂ ಆಗದೆ ಇರಬಹುದಿತ್ತು. ಆದರೂ ಈ ಯೋಚನೆ ಈಗಲೂ ಬರುತ್ತದೆ, ಬಂದಾಗ ಸತ್ತುಹೋದ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇನೆ. ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ, ಏಕೆಂದರೆ ಬಾಯಿದ್ದದ್ದು ನನಗೂ ತಾನೇ.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಮನೆಗೇ ಒಂದು ತೂಕದ ಮಿಷನ್ ಬಂತು. ಉದ್ದನೆಯ ನೋಟ್‌ಬುಕ್ಕೊಂದರಲ್ಲಿ ಗೆರೆ ಹೊಡೆದು ಎರಡು ಕಾಲಂ ಮಾಡಿದರು, ಎಡಗಡೆ ಅವರದು, ಬಲಗಡೆ ನನ್ನದು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಕಾಫಿಗೂ ಮುಂಚೆ, "ಬಾರೇ, ನಿನ್ನ ಹದ್ದುಬಸ್ತು ಮಾಡ್ತೀನಿ" ಎಂದು ಕೂಗುತ್ತಿದ್ದರು. ಹೊಲದ ಗಡಿ ಗುರುತಿಸಿ ಕಲ್ಲು ನೆಡಿಸುವುದಕ್ಕೆ ಅವರ ಇಲಾಖೆಯಲ್ಲಿ ಹೇಳುವ ಮಾತು ಅದು. ನಾನು ಮಿಷನ್ ಮೇಲೆ ನಿಂತರೆ ಅವರು ಬಗ್ಗಿ ಅಂಕಿ ಓದಿ, ಕ್ಯಾಲ್ಕುಲೇಟರ್ ಒತ್ತಿ, ಬಿಎಂಐ ಬರೆಯುವರು. ಇಪ್ಪತ್ತಾರು ಪಾಯಿಂಟ್ ಆರು. ಇಪ್ಪತ್ತಾರು ಒಂದು. ಹಬ್ಬದ ತಿಂಗಳು ಇಪ್ಪತ್ತೇಳು. ನನ್ನದು ಏರಿದರೆ ಅವರಿಗೆ ಖುಷಿ, ಅವರದು ಏರಿದರೆ ನನಗೆ. ಹತ್ತು ವರ್ಷ ಹೀಗೆ ನಡೆಯಿತು. ಆ ಭಾನುವಾರಗಳಲ್ಲಿ ನಾನು ಸುಖವಾಗಿದ್ದೆ, ಅದು ಆಗಲೇ ನನಗೆ ಗೊತ್ತಿತ್ತು.

ಅವರ ಕೈಬರಹದಲ್ಲಿ ನನ್ನ ಕೊನೆಯ ಅಂಕಿ ಅರವತ್ತನಾಲ್ಕು ಕೆಜಿ, ಇಪ್ಪತ್ತೈದು ಸೊನ್ನೆ. "ನೋಡೇ, ಸರಿಯಾಗಿ ಗಡಿಕಲ್ಲಿನ ಮೇಲೆ ನಿಂತಿದೀಯ, ಮುಂದಿನ ತಿಂಗಳು ಒಳಗೆ" ಎಂದಿದ್ದರು. ಅದಾಗಿ ಹನ್ನೊಂದನೇ ದಿನ ಕುಣಿಗಲ್ಲಿನಿಂದ ಬರುವ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಒರಗಿದವರು ಮತ್ತೆ ಏಳಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಬಂದಾಗ ಏನು ಮಾಡಬೇಕೋ ತಿಳಿಯದೆ ನಾನೇ ಹೋಗಿ ಮಿಷನ್ ಹತ್ತಿದೆ. ಅಂಕಿ ಓದಲು ನಾನೇ ಬಗ್ಗಬೇಕಾಯಿತು, ಬಗ್ಗಿದರೆ ಮುಳ್ಳು ಅಲ್ಲಾಡುತ್ತದೆ. ಎಡಗಡೆಯ ಕಾಲಂನಲ್ಲಿ ಒಂದು ಗೆರೆ ಎಳೆದು, ಬಲಗಡೆ ಅರವತ್ತೊಂದು ಎಂದು ಬರೆದೆ. ಅಲ್ಲಿಂದ ಅದು ಇಳಿಯುತ್ತಲೇ ಹೋಯಿತು.

ಊಟ ಬಿಡಬೇಕೆಂದು ನಾನು ಬಿಟ್ಟದ್ದಲ್ಲ. ಒಬ್ಬಳಿಗೆ ಎಸರಿಟ್ಟು ಮುದ್ದೆ ಕಟ್ಟುವುದು ನನಗೆ ಬರಲಿಲ್ಲ. ಇಷ್ಟು ವರ್ಷದ ಅಳತೆ ಕೈಯಲ್ಲಿ ಕೂತಿತ್ತು, ಎಷ್ಟು ಕಡಿಮೆ ಹಾಕಿದರೂ ಎರಡು ಮುದ್ದೆಯಾಗುತ್ತಿತ್ತು. ಆ ಇನ್ನೊಂದು ಮುದ್ದೆ ಸಂಜೆಯ ತನಕ ತಟ್ಟೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ನಾಲ್ಕು ದಿನ ನೋಡಿ, ಮುದ್ದೆ ಮಾಡುವುದನ್ನೇ ಬಿಟ್ಟೆ. ಬೆಳಿಗ್ಗೆ ಬನ್ನು ಕಾಫಿ, ಮಧ್ಯಾಹ್ನ ಹಸಿವಾದರೆ ಅವಲಕ್ಕಿ, ರಾತ್ರಿ ಏನೋ ಒಂದು. ಹಗಲೆಲ್ಲ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ, ಅದು ನನ್ನ ಕೆಲಸ. ಕುಚ್ಚು ಕಟ್ಟಲು ಮಾತು ಬೇಕಿಲ್ಲ, ಜನ ಬೇಕಿಲ್ಲ. ಕೆಲವು ದಿನ ಸಂಜೆ ಹಾಲಿನವನಿಗೆ ಅರ್ಧ ಲೀಟರ್ ಎಂದಾಗಲೇ ಆ ದಿನದ ಮೊದಲ ಮಾತು ಹೊರಗೆ ಬಂದಿರುತ್ತಿತ್ತು, ಗಂಟಲು ಕೆಮ್ಮಿ ಸರಿ ಮಾಡಿಕೊಂಡು ಹೇಳಬೇಕಾಗುತ್ತಿತ್ತು.

ಇಳಿದದ್ದನ್ನು ಎಲ್ಲರೂ ಹೊಗಳಿದರು. ಇದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಮಹಡಿಯ ಮೇಲೆ ಮನೆ ಓನರ್ ಸಂಸಾರ ಇದೆ, ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ನನಗೆ ಕುಚ್ಚಿನ ಸೀರೆ ಬರುವುದೂ ಆ ಅಂಗಡಿಯಿಂದಲೇ. ಓನರ್ ಹೆಂಡತಿ ಒಂದು ದಿನ ಮೆಟ್ಟಿಲ ಮೇಲೆ ನಿಲ್ಲಿಸಿ, "ಮಾಷಾ ಅಲ್ಲಾ, ಅರ್ಧ ಆಗೋಗಿದೀರಲ್ಲ ಅಕ್ಕ! ಯಾವ್ ಡಯಟ್ ಮಾಡ್ತಿದೀರ, ನಂಗೂ ಹೇಳ್ಕೊಡಿ" ಎಂದಳು. ಕೆಟ್ಟ ಮನಸ್ಸಿನವಳಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕಿತ್ತು ಅವಳಿಗೆ. ಗಂಡ ಸತ್ತರೆ ಸಾಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬರೀ ಬಿಸಿನೀರು ಕುಡೀತೀನಿ ಎಂದೆ. ಅವಳು ಒಂದು ವಾರ ಬಿಸಿನೀರು ಕುಡಿದಳು. ಗುಬ್ಬಿಯಲ್ಲಿ ನೆಂಟರ ಮದುವೆಗೆ ಹೋದಾಗ ನನ್ನ ಅತ್ತಿಗೆ, ಅಂದರೆ ಚೇಳೂರಿನ ಅಣ್ಣನ ಹೆಂಡತಿ, ನನ್ನ ತೋಳು ಹಿಡಿದು ನೋಡಿ, "ಒಳ್ಳೇದಾಯ್ತು ಬುಡು, ಮೈ ಇಳೀತು. ಇನ್ನ ಸಕ್ರೆ ಕಾಯ್ಲೆ ಹತ್ರ ಸುಳಿಯಲ್ಲ" ಎಂದರು. ಪಂಕ್ತಿಯಲ್ಲಿ ಎರಡು ತುತ್ತು ತಿಂದು ಎದ್ದದ್ದನ್ನು ಯಾರೂ ನೋಡಲಿಲ್ಲ. ಇಪ್ಪತ್ತೈದು ಇದ್ದದ್ದು ಇಪ್ಪತ್ತೆರಡಾಯಿತು, ಇಪ್ಪತ್ತಾಯಿತು. ನೋಟ್‌ಬುಕ್ ನೋಡಿದವರು ಯಾರಾದರೂ ಈಕೆ ಬಹಳ ಶಿಸ್ತಿನ ಹೆಂಗಸು ಎಂದೇ ತಿಳಿಯುತ್ತಿದ್ದರು.

ಕಳೆದ ವರ್ಷ ನಮ್ಮ ವಾರ್ಡಿನ ಆರೋಗ್ಯ ಕೇಂದ್ರದವರು ಕ್ಷಯದ ತಪಾಸಣೆಗೆಂದು ಹತ್ತಿರದ ಶಾಲೆಯಲ್ಲಿ ಕ್ಯಾಂಪ್ ಮಾಡಿದರು. ಓನರ್ ಹೆಂಡತಿ ಹೋಗುತ್ತಿದ್ದಳು, ನನ್ನನ್ನೂ ಎಳೆದುಕೊಂಡು ಹೋದಳು. ಬೆಂಚಿನ ಹಿಂದೆ ಕೂತು ಬರೆದುಕೊಳ್ಳುತ್ತಿದ್ದವಳು ಚಿಕ್ಕ ವಯಸ್ಸಿನ ಒಬ್ಬ ಸಿಸ್ಟರ್, ಮೂವತ್ತು ದಾಟಿರಲಿಲ್ಲ. ನನ್ನ ತೂಕ ನಲವತ್ತಾರು ಬಂತು. ಎತ್ತರ ಅಳೆಯುವ ಕಂಬವನ್ನು ಅವತ್ತು ತಂದಿರಲಿಲ್ಲ, ಕ್ಯೂ ಬಾಗಿಲಾಚೆಗೂ ಇತ್ತು. "ಹೈಟ್ ಗೊತ್ತಾ ಅಮ್ಮ?" ಎಂದಳು. ಐದು ಮೂರು ಎಂದೆ. ಅಷ್ಟು ವರ್ಷದ ಅಭ್ಯಾಸ, ತಾನಾಗಿ ಬಂತು. ಅವಳು ಮೊಬೈಲಿನಲ್ಲಿ ಒತ್ತಿ ನೋಡಿ ಪೆನ್ನು ಕೆಳಗಿಟ್ಟಳು.

"ಹದಿನೆಂಟು ಬರ್ತಿದೆ ಅಮ್ಮ. ಹದಿನೆಂಟೂವರೆಗಿಂತ ಕಮ್ಮಿ ಇರಬಾರ್ದು. ಮನೇಲಿ ಯಾರ್ಯಾರಿದೀರ?"

"ನಾನೇ."

"ನೀವೇ ಅಂದ್ರೆ?"

"ನಾನೊಬ್ಳೇ ಅಂದ್ರೆ."

ಆಗ ಅವಳು ಮುಖ ಎತ್ತಿ ನನ್ನನ್ನು ನೋಡಿದಳು. ನಾನು ಇಳಿದದ್ದನ್ನು ಕಂಡು ಹೊಗಳದೆ ಇದ್ದ ಮೊದಲ ವ್ಯಕ್ತಿ ಅವಳು. ನನ್ನ ನಿಜವಾದ ಲೆಕ್ಕ ಹತ್ತೊಂಬತ್ತೂ ಮುಕ್ಕಾಲು, ಗಡಿಯಿಂದ ಆರಾಮಾಗಿ ಒಳಗೆ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಎದೆಯ ಎಕ್ಸ್‌ರೇ ತೆಗೆಸಿದರು, ಏನೂ ಇರಲಿಲ್ಲ. ಆದರೆ ತೂಕ ಕಡಿಮೆ ಇರುವವರ ಪಟ್ಟಿಗೆ ನನ್ನ ಹೆಸರು ಸೇರಿತು. ತಿಂಗಳ ಮೊದಲ ಗುರುವಾರ ಕೇಂದ್ರಕ್ಕೆ ಹೋಗಿ ತೂಕ ಕೊಡಬೇಕು, ಪ್ರತಿ ಮಂಗಳವಾರ ಸಿಸ್ಟರ್ ಫೋನ್ ಮಾಡಿ ವಿಚಾರಿಸುತ್ತಾರೆ. ಮೊದಲ ಮಂಗಳವಾರ ಹನ್ನೆರಡೂವರೆಗೆ ಫೋನ್ ಬಂದಾಗ ನಾನು ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಕುಚ್ಚು ಕಟ್ಟುತ್ತಿದ್ದೆ.

"ಅಮ್ಮ, ಊಟ ಆಯ್ತಾ?"

"ಆಯ್ತು ಸಿಸ್ಟರ್."

"ಏನ್ ಮಾಡಿದ್ರಿ?"

"ಮುದ್ದೆ, ಸೊಪ್ಪಿನ ಸಾರು."

"ಯಾವ್ ಸೊಪ್ಪು?"

ಹೀಗೆ ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ದಂಟಿನ ಸೊಪ್ಪು ಎಂದೆ.

"ದಂಟಾ? ಎಳೇದು ಸಿಕ್ತಾ ನಿಮಗೆ? ನಮ್ಮ್ ಕುಣಿಗಲ್ ಕಡೆ ಎಲ್ಲಾ ಬಲ್ತೋಗಿದೆ ಈಗ. ಬೇಳೆ ಹಾಕಿದ್ರಾ ಇಲ್ಲ ಬಸ್ದ್ರಾ?"

ಬಸಿದೆ ಎಂದೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು, ಒಲೆಯ ಮೇಲೆ ಬರೀ ಕಾಫಿ ಪಾತ್ರೆ ಇತ್ತು. ಈ ಹುಡುಗಿಗೆ ಸುಳ್ಳು ಹೇಳುವುದು ಬಹಳ ಕಷ್ಟ, ಉಪ್ಪು ಹುಳಿಯ ತನಕ ಕೇಳುತ್ತಾಳೆ. ಅದರ ಬದಲು ಅಡುಗೆ ಮಾಡುವುದೇ ಸುಲಭ ಎಂದುಕೊಂಡೆ. ಮುಂದಿನ ಸೋಮವಾರ ಸಂಜೆ ಮಾರ್ಕೆಟ್ಟಿಗೆ ಹೋಗಿ ನಿಜವಾಗಿಯೂ ಸೊಪ್ಪು ತಂದೆ, ಮಂಗಳವಾರ ಬಸ್ಸಾರು ಮಾಡಿದೆ. ಮುದ್ದೆ ಎರಡಾಯಿತು. ಎರಡನೆಯದನ್ನು ಕೂಡ ಉಂಡೆ, ಏಕೆಂದರೆ ಎಷ್ಟು ಮುದ್ದೆ ಎಂದೂ ಕೇಳುತ್ತಾಳೆ. ಹನ್ನೆರಡೂವರೆಗೆ ಫೋನ್ ಬಂದಾಗ ಎಲ್ಲವನ್ನೂ ಸತ್ಯವಾಗಿ ಹೇಳಿದೆ. ಪರೀಕ್ಷೆಯಲ್ಲಿ ಪಾಸಾದ ಹಾಗೆ ಖುಷಿಯಾಯಿತು.

ಆಮೇಲೆ ನನ್ನ ವಾರ ಆ ಫೋನಿನ ಸುತ್ತ ತಿರುಗಲು ಶುರುವಾಯಿತು. ಮಂಗಳವಾರ ಏನು ಹೇಳಬಹುದು ಎಂದು ಶುಕ್ರವಾರವೇ ಯೋಚಿಸುತ್ತಿದ್ದೆ. ಹುರುಳಿಕಾಳು ನೆನೆಹಾಕುತ್ತಿದ್ದೆ, ಅವರೆಕಾಳು ಬಂದಾಗ ಇದುಕಿ ಸಾರು ಮಾಡುತ್ತಿದ್ದೆ. ಫೋನಿನ ಮಾತು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಕೆಲವು ಸಲ ಅವಳು ತನ್ನ ವಿಷಯವನ್ನೂ ಒಂದು ಮಾತು ಹೇಳುತ್ತಿದ್ದಳು. ಗಂಡನಿಗೆ ದೂರದ ಊರಿನಲ್ಲಿ ಕೆಲಸ. ಎರಡೂವರೆ ವರ್ಷದ ಮಗಳನ್ನು ಕುಣಿಗಲ್ಲಿನಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದಾಳೆ, ಇಲ್ಲಿ ರೂಮು ಮಾಡಿಕೊಂಡು ಶನಿವಾರ ಸಂಜೆಯ ಬಸ್ಸಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಾಳೆ. ಮಗು ಸೋಮವಾರ ಬೆಳಿಗ್ಗೆ ಸೀರೆ ಬಿಡುವುದಿಲ್ಲವಂತೆ.

ಮೊದಲ ತಿಂಗಳು ನಲವತ್ತಾರೂ ಆರುನೂರು ಗ್ರಾಂ. ಎರಡನೇ ತಿಂಗಳು ನಲವತ್ತೇಳೂ ನೂರು. ಸಿಸ್ಟರ್ ಕಾರ್ಡಿನಲ್ಲಿ ಹದಿನೆಂಟು ನಾಲ್ಕು ಎಂದು ಬರೆದು, ನನ್ನ ಬೆನ್ನು ತಟ್ಟಿ, "ಇನ್ನೊಂದು ಮುನ್ನೂರು ಗ್ರಾಂ ಅಷ್ಟೇ ಅಮ್ಮ. ಮುಂದಿನ ತಿಂಗಳು ನಿಮ್ಮನ್ನ ಲಿಸ್ಟಿಂದ ತೆಗ್ದುಬಿಡ್ತೀನಿ" ಎಂದಳು. ಒಳ್ಳೆಯ ಸುದ್ದಿ ಹೇಳುವವಳ ಮುಖ ಅದು.

ಮನೆಗೆ ಬಂದು ಅವರ ನೋಟ್‌ಬುಕ್ ತೆಗೆದೆ, ಕ್ಯಾಲ್ಕುಲೇಟರ್ ತೆಗೆದೆ. ಐದು ಮೂರರ ಲೆಕ್ಕದಲ್ಲಿ ಹದಿನೆಂಟೂವರೆ ಎಂದರೆ ನಲವತ್ತೇಳೂ ಮುನ್ನೂರ ಅರವತ್ತು ಗ್ರಾಂ. ಅದನ್ನು ದಾಟಿದರೆ ಮಂಗಳವಾರ ಹನ್ನೆರಡೂವರೆಗೆ ಈ ಮನೆಯಲ್ಲಿ ಫೋನ್ ಬರುವುದಿಲ್ಲ. ನಾನು ದಡ್ಡಿಯಲ್ಲ. ಮಾಡುತ್ತಿರುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ತಿಂಗಳ ಗುರುವಾರಕ್ಕೆ ನಾಲ್ಕು ದಿನ ಇರುವಾಗ ಮುದ್ದೆ ನಿಲ್ಲಿಸಿದೆ, ಎರಡು ದಿನ ಇರುವಾಗ ಕಾಫಿ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸಿದೆ. ಮಂಗಳವಾರದ ಫೋನಿನಲ್ಲಿ ಉಪ್ಪುಸಾರು ಮಾಡಿದೆ ಎಂದು ಸುಳ್ಳು ಹೇಳಿದೆ. ತೂಕ ನಲವತ್ತಾರೂ ಇನ್ನೂರು ಬಂತು. ಸಿಸ್ಟರ್ ಹುಬ್ಬು ಗಂಟಿಕ್ಕಿ, ಮಿಷನ್ನನ್ನು ಸರಿಸಿ, ಇನ್ನೊಂದು ಸಲ ಹತ್ತಿಸಿದಳು. ಅದೇ ಬಂತು. ಆ ವಾರ ಮಂಗಳವಾರದ ಜೊತೆಗೆ ಶುಕ್ರವಾರವೂ ಫೋನ್ ಮಾಡಿದಳು. ನನಗಾದ ಸಂತೋಷವನ್ನು ಇಲ್ಲಿ ಬರೆಯಲೇಬೇಕು, ಎಷ್ಟು ನಾಚಿಕೆಗೇಡಾದರೂ ಸರಿ.

ಅದಾದ ಮುಂದಿನ ತಿಂಗಳು ಇನ್ನೂ ಹೆಚ್ಚು ದಿನ ಬಿಟ್ಟೆ. ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೆ. ಕೇಂದ್ರದಲ್ಲಿ ನಲವತ್ತೈದೂ ನೂರು ಬಂತು, ಬಿಎಂಐ ಹದಿನೇಳು ಆರು. ಸಿಸ್ಟರ್ ಕಾರ್ಡು ಹಿಡಿದು ಒಳಗೆ ಡಾಕ್ಟರ ಹತ್ತಿರ ಹೋದಳು. ಬಂದು ನನ್ನ ಪಕ್ಕ ಕೂತು, ಮೆತ್ತಗೆ ಹೇಳಿದಳು.

"ತಿಂದ್ರೂ ಇಳೀತಿದೆ ಅಂದ್ರೆ ಒಳಗೆ ಏನೋ ಇರಬೌದು ಅಮ್ಮ. ಸ್ಕ್ಯಾನು, ಬ್ಲಡ್ ಟೆಸ್ಟು ಎಲ್ಲಾ ಆಗ್ಬೇಕು. ದೊಡ್ಡಾಸ್ಪತ್ರೆಗೆ ಬರ್ದಿದಾರೆ. ಯಾರ್ ಜೊತೆ ಹೋಗ್ತೀರ?"

"ಒಬ್ಳೇ ಹೋಗ್ತೀನಿ ಬಿಡಿ."

"ಖಾಲಿ ಹೊಟ್ಟೇಲಿ ಇಡೀ ದಿನ ಕ್ಯೂ ನಿಲ್ಬೇಕು, ಈ ಮೈಯಲ್ಲಿ ಒಬ್ರೇ ಹೆಂಗೆ? ಶನಿವಾರ ರಜ ಹಾಕಿದೀನಿ ನಾನು. ನಾನೇ ಬರ್ತೀನಿ."

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳು ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದಳು. ಭುಜದಲ್ಲಿ ಊರಿಗೆ ಹೋಗುವ ಬ್ಯಾಗು. ಚೀಟಿ ಮಾಡಿಸಿದಳು, ಟೋಕನ್ ತಂದಳು, ಜನರ ನಡುವೆ ನನಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ತಾನು ಗೋಡೆಗೆ ಒರಗಿ ನಿಂತಳು. ಹನ್ನೊಂದರ ಹೊತ್ತಿಗೆ ಅವಳ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಮಗಳು. ಹಿಂದಿನ ವಾರವೂ ಕ್ಯಾಂಪಿನ ಕೆಲಸದಿಂದ ಊರಿಗೆ ಹೋಗಿರಲಿಲ್ಲವಂತೆ, ಈ ಸಲ ಶುಕ್ರವಾರ ರಾತ್ರಿಯೇ ಬರುತ್ತೇನೆ ಎಂದು ಮಗುವಿಗೆ ಹೇಳಿ ರಜೆ ಹಾಕಿದ್ದು. ಮಗು ಸ್ಕ್ರೀನಿನ ತುಂಬ ಮುಖ ತಂದು, "ಬಸ್ ಬಂತಾ ಅಮ್ಮ? ಬಸ್ ಬಂತಾ?" ಎಂದು ಒಂದೇ ಸಮನೆ ಕೇಳುತ್ತಿತ್ತು. "ಬರ್ತದೆ ಕಂದ, ಇಲ್ಲೊಬ್ರು ಅಜ್ಜಿಗೆ ಹುಷಾರಿಲ್ಲ" ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಮಗು ನನ್ನನ್ನು ನೋಡಿ ಸುಮ್ಮನಾಯಿತು.

ನನ್ನಿಂದ ಆಗಲಿಲ್ಲ. ಕಾಲ್ ಮುಗಿದ ಕೂಡಲೇ ಅವಳ ಸೆರಗು ಹಿಡಿದು ಕೂರಿಸಿಕೊಂಡು ಹೇಳಿದೆ.

"ಸಿಸ್ಟರ್, ನನ್ನ ಹೈಟು ಐದು ಮೂರಲ್ಲ. ಐದಡಿ."

ಅವಳಿಗೆ ಅರ್ಥವಾಗಲಿಲ್ಲ. ಹತ್ತಿರದಲ್ಲೇ ಎತ್ತರ ಅಳೆಯುವ ಕಂಬ ಇತ್ತು. ಎದ್ದು ಹೋಗಿ ಚಪ್ಪಲಿ ಬಿಟ್ಟು ನಿಂತೆ. ಅವಳು ಬಂದು ತಲೆಯ ಮೇಲಿನ ಪಟ್ಟಿ ಇಳಿಸಿ ನೋಡಿದಳು. ನೂರ ಐವತ್ತೆರಡು ಸೆಂಟಿಮೀಟರ್ ಚಿಲ್ಲರೆ. ಮೊಬೈಲಿನಲ್ಲಿ ಒತ್ತಿದಳು. ಹತ್ತೊಂಬತ್ತು ನಾಲ್ಕು. ಒಂದು ಕ್ಷಣ ಅವಳ ಮುಖ ಅರಳಿತು, "ಅಯ್ಯೋ, ನಾರ್ಮಲ್ಲೇ ಇದೀರಲ್ಲ ಅಮ್ಮ!" ಎಂದಳು. ಆಮೇಲೆ ಕಾರ್ಡು ನೆನಪಾಗಿರಬೇಕು.

"ಮತ್ತೆ ಇಳೀತಿರೋದ್ಯಾಕೆ?"

ಅದನ್ನೂ ಹೇಳಿದೆ. ಮದುವೆಯ ಹಾಳೆ, ನೋಟ್‌ಬುಕ್ಕಿನ ಅರವತ್ತನಾಲ್ಕು, ನಾಲ್ಕು ದಿನ ಮುಂಚೆ ಊಟ ನಿಲ್ಲಿಸುತ್ತಿದ್ದದ್ದು, ಉಪ್ಪುಸಾರಿನ ಸುಳ್ಳು, ಏನನ್ನೂ ಬಿಡಲಿಲ್ಲ. ಏತಕ್ಕೆ ಎಂದು ಕೇಳಿದಳು. ನೀವು ಫೋನ್ ಮಾಡ್ತೀರಲ್ಲ, ಅದಕ್ಕೆ ಎಂದೆ. ಐವತ್ತನಾಲ್ಕು ವರ್ಷದ ಹೆಂಗಸು ಆಸ್ಪತ್ರೆಯ ಕಾರಿಡಾರಿನಲ್ಲಿ ಚಪ್ಪಲಿ ಇಲ್ಲದೆ ನಿಂತು ಆಡಿದ ಮಾತು ಅದು.

ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ.

"ನಂಗೆ ಊಟದ ಟೈಮಲ್ಲಿ ಸಿಗೋದೇ ಮುಕ್ಕಾಲು ಗಂಟೆ ಅಮ್ಮ. ಅದ್ರಲ್ಲಿ ನಿಮಗೆಲ್ಲ ಫೋನ್ ಮಾಡ್ತೀನಿ. ಲಿಸ್ಟಿಗೆ ಸೇರ್ಬೇಕಾದೋರು ಎಷ್ಟೋ ಜನ ಹೊರಗಿದಾರೆ, ಟೈಮಿಲ್ಲ ಅಂತ ಬಿಟ್ಟಿದೀನಿ. ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು, ನಿಮಗೆ ಕ್ಯಾನ್ಸರ್ ಇದೆ ಅಂದ್ಕೊಂಡು."

ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಟೋಕನ್ ನಂಬರ್ ಕೂಗಿದರು. ಇನ್ನು ಬೇಡ, ನೀವು ಬಸ್ಸು ಹತ್ತಿ ಎಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು ಎಳೆದುಕೊಂಡೇ ಒಳಗೆ ನಡೆದಳು.

"ಹೈಟು ಸುಳ್ಳು ಹೇಳಿದ್ರಿ, ಸರಿ. ಅರವತ್ನಾಲ್ಕು ಇದ್ದೋರು ನಲವತ್ತೈದಾಗಿದ್ದು ಸುಳ್ಳಾ? ಹತ್ತೊಂಬತ್ತು ಕೆಜಿ ಎಲ್ ಹೋಯ್ತು? ನಡೀರಿ."

ಎರಡು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಸ್ಕ್ಯಾನಿನ ಮಂಚದ ಮೇಲೆ ಮಲಗಿ ಛಾವಣಿ ನೋಡುತ್ತ ಅತ್ತುಬಿಟ್ಟೆ. ತಣ್ಣನೆಯ ಜೆಲ್ಲಿಗೆ ಅಳುತ್ತಿದ್ದೇನೆ ಎಂದುಕೊಂಡು ಸ್ಕ್ಯಾನ್ ಮಾಡುವವರು ಆಯ್ತು ಆಯ್ತು ಎಂದರು.

ಒಳಗೆ ಏನೂ ಇರಲಿಲ್ಲ. ರಕ್ತ ಸ್ವಲ್ಪ ಕಡಿಮೆ, ಅದಕ್ಕೆ ಮಾತ್ರೆ ಕೊಟ್ಟರು. ಎರಡೂವರೆಗೆ ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಅವಳ ಜೊತೆ ಹೋದೆ. ಮಗುವಿಗೆಂದು ಬಾಳೆಹಣ್ಣು ಕೊಂಡು ಕೊಟ್ಟರೆ ಅದರಲ್ಲಿ ಎರಡು ಮುರಿದು ನನ್ನ ಕೈಗೇ ಇಟ್ಟು, ತನ್ನ ಕಣ್ಣೆದುರಿಗೇ ತಿನ್ನಿಸಿದಳು. ಕುಣಿಗಲ್ ಬಸ್ಸಿನ ಕಿಟಕಿಯಿಂದ ಕೊನೆಗೆ ಹೇಳಿದಳು.

"ಸೋಮವಾರ ಹೈಟು ತಿದ್ದುತೀನಿ. ತಿದ್ದಿದ ತಕ್ಷಣ ಕಂಪ್ಯೂಟರ್ರೇ ನಿಮ್ ಹೆಸ್ರು ತೆಗ್ದುಬಿಡುತ್ತೆ. ಇನ್ನ ಫೋನ್ ಮಾಡಕ್ಕಾಗಲ್ಲ ಅಮ್ಮ. ಹೊಟ್ಟೆಗೆ ತಿನ್ನಿ."

ನಗಲಿಲ್ಲ ಅವಳು. ಬಸ್ಸು ಹೊರಟಿತು, ನಾನು ನಡೆದುಕೊಂಡೇ ಬಟವಾಡಿಗೆ ಬಂದೆ. ದೂರವಿದೆ, ಸುಸ್ತಾಯಿತು, ಆದರೆ ಮನೆಯೊಳಗೆ ಹೋಗಲು ನನಗೆ ಅವಸರವಿರಲಿಲ್ಲ.

ಮಂಗಳವಾರ ಬಂತು. ಹಿಂದಿನ ಸಂಜೆ ಸೊಪ್ಪು ತಂದಿದ್ದೆ, ಏಕೆ ತಂದೆನೆಂದು ನನ್ನನ್ನು ಕೇಳಬೇಡಿ. ಬಸ್ಸಾರು ಮಾಡಿದೆ. ಎಸರಿಗೆ ನೀರು ಹಾಕುವಾಗ ಮನಸ್ಸು ಗಟ್ಟಿ ಮಾಡಿ ಅರ್ಧ ಚೆಲ್ಲಿದೆ, ಒಂದೇ ಮುದ್ದೆಯಾಯಿತು. ಗಂಟು ಗಂಟಾಗಿತ್ತು, ಆದರೂ ಮುದ್ದೆಯೇ. ತಟ್ಟೆ ಇಟ್ಟುಕೊಂಡು ಕೂತಾಗ ಹನ್ನೆರಡೂ ಇಪ್ಪತ್ತೈದು. ಬರುವುದಿಲ್ಲ ಎಂದು ಗೊತ್ತಿದ್ದೂ ಫೋನನ್ನು ತಟ್ಟೆಯ ಪಕ್ಕ ಇಟ್ಟೆ. ಹನ್ನೆರಡೂವರೆ ಆಯಿತು. ಹನ್ನೆರಡೂ ಮುಕ್ಕಾಲಾಯಿತು. ಸಾರು ಆರಿ ಮೇಲೆ ಕೆನೆ ಕಟ್ಟಿತು. ಆಗ ಒಂದು ವಿಷಯ ಹೊಳೆದು ನನಗೇ ಆಶ್ಚರ್ಯವಾಯಿತು. ಇಷ್ಟು ತಿಂಗಳಲ್ಲಿ ಆ ಹುಡುಗಿಯನ್ನು ನಾನು ಒಮ್ಮೆಯೂ ಊಟವಾಯಿತಾ ಎಂದು ಕೇಳಿರಲಿಲ್ಲ.

ನಾನೇ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಜನರ ಗಲಾಟೆ, ಯಾವುದೋ ಮಗುವಿನ ಅಳು.

"ಹೇಳಿ ಅಮ್ಮ, ಏನಾಯ್ತು?"

"ಏನೂ ಇಲ್ಲ ಸಿಸ್ಟರ್. ಊಟ ಆಯ್ತಾ ಅಂತ ಕೇಳೋಣ ಅಂತ."

ಆ ಕಡೆ ಅವಳು ಯಾರಿಗೋ ಒಂದು ನಿಮಿಷ ಎಂದದ್ದು ಕೇಳಿಸಿತು.

"ಇನ್ನೂ ಇಲ್ಲ ಅಮ್ಮ. ಲಿಸ್ಟಲ್ಲಿ ಇನ್ನೂ ಹನ್ನೊಂದು ಜನ ಅವ್ರೆ. ಅವ್ರಿಗೆಲ್ಲ ಮಾಡಿ ಆಮೇಲೆ. ಇಡ್ತೀನಿ."

ಇಟ್ಟಳು. ಬೇಜಾರಾಯಿತು, ಆಗಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ನನ್ನ ಜಾಗಕ್ಕೆ ಯಾರು ಬಂದರೋ ನನಗೆ ಗೊತ್ತಿಲ್ಲ. ಈ ಊರಿನ ಯಾವುದೋ ಮನೆಯಲ್ಲಿ ಈಗ ಫೋನ್ ರಿಂಗ್ ಆಗುತ್ತಿರುತ್ತದೆ, ಯಾರೋ ಕೈ ಒರೆಸಿಕೊಂಡು ಓಡಿ ಬರುತ್ತಿರುತ್ತಾರೆ, ಯಾವ ಸೊಪ್ಪು ಎಂದು ಕೇಳಿದ್ದಕ್ಕೆ ತಡವರಿಸುತ್ತಿರುತ್ತಾರೆ. ಆ ಮಾತು ಮುಗಿಯುವಷ್ಟು ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಮುದ್ದೆ ಮುರಿದು, ತಣ್ಣಗಾದ ಸಾರಿನಲ್ಲಿ ಅದ್ದಿ, ಉಂಡೆ.